ಹವಾಮಾನ ಒಮ್ಮೆಲೇ ಮಗುಚೋದು ಹೇಗೆ? ಅಟ್ಲಾಂಟಿಕ್‌ನಿಂದ ನಮ್ಮ ಮುಂಗಾರಿನವರೆಗೆ

ಸುಮಾರು 11,700 ವರ್ಷದ ಹಿಂದಿನ ಮಾತು. ಗ್ರೀನ್‌ಲ್ಯಾಂಡ್‌ನ ಸರಾಸರಿ ತಾಪಮಾನ ಹೆಚ್ಚುಕಮ್ಮಿ 10 ಡಿಗ್ರಿ ಸೆಲ್ಸಿಯಸ್ ಏರಿತು. ಅದಕ್ಕೆ ಹಿಡಿದದ್ದು ಕೆಲವೇ ದಶಕ. ಅಲ್ಲಿ ವರ್ಷಕ್ಕೆ ಬೀಳುವ ಹಿಮವಂತೂ ಕೆಲವೇ ವರ್ಷಗಳಲ್ಲಿ ಎರಡು ಪಟ್ಟಾಯಿತು. ಆಗ ಕಾರ್ಖಾನೆ ಇರಲಿಲ್ಲ, ಪೆಟ್ರೋಲ್ ಇರಲಿಲ್ಲ, ಸೂರ್ಯನ ಶಾಖವೂ ಅಷ್ಟು ಬೇಗ ಬದಲಾಗಿರಲಿಲ್ಲ. ಆದರೂ ಒಬ್ಬ ಮನುಷ್ಯ ಹುಟ್ಟಿ ಮುದುಕನಾಗುವಷ್ಟರಲ್ಲಿ ಉತ್ತರ ಅಟ್ಲಾಂಟಿಕ್ ಸುತ್ತಲಿನ ಹವಾಮಾನ ಗುರುತು ಸಿಗದಷ್ಟು ಬೇರೆಯಾಗಿಬಿಟ್ಟಿತ್ತು.

ಹವಾಮಾನ ಬದಲಾವಣೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ನಿಧಾನವಾಗಿ ಮೇಲೇರುವ ಒಂದು ಗೆರೆ. ಇಷ್ಟು ಹೊಗೆ ಬಿಟ್ಟರೆ ಇಷ್ಟು ಬಿಸಿ, ಹೊಗೆ ಎರಡರಷ್ಟಾದರೆ ಬಿಸಿಯೂ ಅಷ್ಟೇ ಜಾಸ್ತಿ, ನಿಲ್ಲಿಸಿದರೆ ನಿಲ್ಲುತ್ತದೆ ಅನ್ನೋ ಲೆಕ್ಕ. ಬಹಳಷ್ಟು ಮಟ್ಟಿಗೆ ಅದು ಸರಿಯೂ ಹೌದು. ಆದರೆ ಭೂಮಿಯ ಕೆಲವು ಭಾಗಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅವು ತುಂಬಾ ಹೊತ್ತು ಸುಮ್ಮನಿರುತ್ತವೆ, ಆಮೇಲೆ ಒಂದು ಹಂತ ದಾಟಿದ ಕೂಡಲೇ ಬೇರೆಯೇ ಸ್ಥಿತಿಗೆ ಹೊರಳುತ್ತವೆ, ಹೊರಳಿದ ಮೇಲೆ ನಾವು ಹಿಂದಕ್ಕೆ ಎಳೆದರೂ ಅಷ್ಟು ಸುಲಭವಾಗಿ ವಾಪಸ್ ಬರುವುದಿಲ್ಲ. ಆ ಹಂತಕ್ಕೇ ಟಿಪ್ಪಿಂಗ್ ಪಾಯಿಂಟ್ ಅನ್ನುತ್ತಾರೆ.

ಮಳೆಗಾಲದಲ್ಲಿ ಊರ ಕೆರೆ ತುಂಬುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಒಂದೊಂದೇ ಅಡಿ ಏರುತ್ತಿರುವಾಗ ಏರಿಗೆ ಏನೂ ಆಗುವುದಿಲ್ಲ. ಕೋಡಿಯಲ್ಲಿ ಹರಿದು ಹೋಗುವುದಕ್ಕಿಂತ ಜಾಸ್ತಿ ನೀರು ಬಂದು ಏರಿಯ ಮೇಲೆ ಹತ್ತಿತು ಅನ್ನಿ, ಮಣ್ಣು ಕೊಚ್ಚತೊಡಗುತ್ತದೆ. ಚಿಕ್ಕ ಕಂಡಿ ಬೀಳುತ್ತದೆ, ಕಂಡಿಯಿಂದ ನೀರು ರಭಸವಾಗಿ ಹರಿಯುತ್ತದೆ, ರಭಸಕ್ಕೆ ಕಂಡಿ ಇನ್ನೂ ದೊಡ್ಡದಾಗುತ್ತದೆ. ಅಲ್ಲಿಂದ ಮುಂದೆ ಮಳೆ ನಿಂತರೂ ಒಂದೇ, ಸುರಿದರೂ ಒಂದೇ. ಕಂಡಿಯನ್ನು ದೊಡ್ಡದು ಮಾಡುತ್ತಿರುವುದು ಈಗ ಮಳೆಯಲ್ಲ, ಕಂಡಿಯೇ. ಮಾರನೇ ದಿನ ಬಿಸಿಲು ಬಂತು ಅಂತ ಏರಿ ತಾನಾಗಿ ಕೂಡಿಕೊಳ್ಳುವುದೂ ಇಲ್ಲ.

ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ಗುಣ, ಮತ್ತೆ ಬಂದ ದಾರಿಯಲ್ಲೇ ವಾಪಸ್ ಹೋಗಲಾಗದ ಈ ಗುಣ, ಇವೆರಡೂ ಇದ್ದರೆ ಮಾತ್ರ ಅದು ಟಿಪ್ಪಿಂಗ್ ಪಾಯಿಂಟ್. ಸುಮ್ನೆ ಬೇಗ ಆದದ್ದೆಲ್ಲ ಅಲ್ಲ.

ಇನ್ನು 11,700 ವರ್ಷದ ಹಿಂದಿನ ಸಂಗತಿ ಗೊತ್ತಾದದ್ದು ಹೇಗೆ ಅಂತ ಹೇಳಲೇಬೇಕು, ಯಾಕಂದ್ರೆ ಈ ಇಡೀ ವಿಷಯ ನಿಂತಿರುವುದೇ ಅದರ ಮೇಲೆ. 1952ರ ಜೂನ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಜೋರು ಮಳೆ. ವಿಲಿ ಡ್ಯಾನ್ಸ್‌ಗಾರ್ಡ್ ಅನ್ನುವ ವಿಜ್ಞಾನಿ ಮನೆಯ ಹುಲ್ಲಿನ ಮೇಲೆ ಒಂದು ಖಾಲಿ ಬಿಯರ್ ಬಾಟಲಿ ಇಟ್ಟು, ಅದರ ಬಾಯಿಗೆ ಆಲಿಕೆ ಸಿಕ್ಕಿಸಿ ಮಳೆ ನೀರು ಹಿಡಿದರು. ನೀರಿನಲ್ಲಿರುವ ಆಮ್ಲಜನಕದಲ್ಲಿ ಹಗುರವಾದ ಬಗೆಯೂ ಇದೆ, ಸ್ವಲ್ಪ ಭಾರವಾದ ಬಗೆಯೂ ಇದೆ. ಮೋಡ ತಣ್ಣಗಾದಷ್ಟೂ ಬೀಳುವ ಮಳೆಯಲ್ಲಿ, ಹಿಮದಲ್ಲಿ ಭಾರದ ಬಗೆ ಕಡಿಮೆ. ಅಂದರೆ ಹಳೆಯ ಮಳೆ ನೀರು ಸಿಕ್ಕಿದರೆ ಅದು ಬಿದ್ದ ದಿನ ಎಷ್ಟು ಚಳಿ ಇತ್ತು ಅಂತ ಅಂದಾಜು ಮಾಡಬಹುದು. ಹಳೆಯ ಮಳೆ ನೀರು ಎಲ್ಲಿ ಸಿಗುತ್ತದೆ? ಗ್ರೀನ್‌ಲ್ಯಾಂಡ್‌ನಲ್ಲಿ. ಅಲ್ಲಿ ಬಿದ್ದ ಹಿಮ ಕರಗದೆ, ವರ್ಷದ ಮೇಲೆ ವರ್ಷ ಪದರವಾಗಿ ಕೂತಿದೆ.

1966ರಲ್ಲಿ ಅಮೆರಿಕದ ಸೈನ್ಯ ವಾಯವ್ಯ ಗ್ರೀನ್‌ಲ್ಯಾಂಡ್‌ನ ಕ್ಯಾಂಪ್ ಸೆಂಚುರಿ ಅನ್ನುವ ನೆಲೆಯಲ್ಲಿ ಮಂಜುಗಡ್ಡೆಯನ್ನು ತಳದವರೆಗೂ, ಅಂದರೆ ಸುಮಾರು 1,390 ಮೀಟರ್, ಕೊರೆದು ತೆಗೆಯಿತು. ಆ ಮಂಜಿನ ಕಂಬವನ್ನು ಡ್ಯಾನ್ಸ್‌ಗಾರ್ಡ್ ಅಳೆದಾಗ ಹಿಮಯುಗದ ಭಾಗದಲ್ಲಿ ತಾಪಮಾನ ಮೇಲೆ ಕೆಳಗೆ ಜಿಗಿದಿರುವುದು ಕಂಡಿತು. ಒಂದೇ ಕಡೆಯ ಮಂಜು, ಅಲ್ಲೇನಾದರೂ ಕಲಸಿಹೋಗಿದ್ದರೆ ಅನ್ನುವ ಅನುಮಾನ ಉಳಿದೇ ಇತ್ತು. ಅದನ್ನು ಹೋಗಲಾಡಿಸಿದ್ದು 1992ರಲ್ಲಿ ಯುರೋಪಿನವರು, 1993ರಲ್ಲಿ ಅಮೆರಿಕದವರು ಗ್ರೀನ್‌ಲ್ಯಾಂಡ್‌ನ ನೆತ್ತಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕೊರೆದು ಮುಗಿಸಿದ ಎರಡು ಕಂಬಗಳು. ಎರಡೂ ಮೂರು ಕಿಲೋಮೀಟರಿಗಿಂತ ಆಳ. ತಳದ ಹತ್ತಿರದ ಕಲಸಿದ ಭಾಗ ಬಿಟ್ಟರೆ ಎರಡೂ ಒಂದೇ ಕಥೆ ಹೇಳಿದವು. ಅಮೆರಿಕದವರ ಕಂಬದಲ್ಲಿ ಸುಮಾರು 1,680 ಮೀಟರ್ ಆಳದ ಹತ್ತಿರ ವರ್ಷದ ಪದರಗಳು ತೆಳ್ಳಗಿನವು ಹೋಗಿ ಎರಡರಷ್ಟು ದಪ್ಪವಾಗಿವೆ, ಪದರಗಳನ್ನು ಒಂದೊಂದಾಗಿ ಎಣಿಸಿದಾಗ ಆ ಬದಲಾವಣೆ ಕೆಲವೇ ಪದರಗಳಲ್ಲಿ ಮುಗಿದುಹೋಗಿದೆ. ಒಂದು ಪದರ ಅಂದರೆ ಒಂದು ವರ್ಷ. ಈ ವಿಷಯದಲ್ಲಿ ನನ್ನನ್ನು ಇವತ್ತಿಗೂ ತಡೆದು ನಿಲ್ಲಿಸುವ ಸಾಕ್ಷಿ ಇದೇ.

ಅದೂ ಒಂದು ಸಲ ಅಲ್ಲ. ಕಳೆದ ಹಿಮಯುಗದಲ್ಲಿ ಸುಮಾರು 25 ಸಲ ಗ್ರೀನ್‌ಲ್ಯಾಂಡ್ ಕೆಲವು ದಶಕಗಳಲ್ಲೇ 8ರಿಂದ 16 ಡಿಗ್ರಿ ಬಿಸಿಯಾಗಿದೆ, ಆಮೇಲೆ ಮೆಲ್ಲಗೆ ತಣ್ಣಗಾಗಿ, ಕೊನೆಗೆ ದಡಕ್ಕನೆ ಚಳಿಗೆ ಜಾರಿದೆ. ಡ್ಯಾನ್ಸ್‌ಗಾರ್ಡ್ ಮತ್ತು ಸ್ವಿಟ್ಜರ್ಲೆಂಡಿನ ಹಾನ್ಸ್ ಓಶ್ಗರ್ ಇಬ್ಬರ ಹೆಸರನ್ನೂ ಈ ಜಿಗಿತಗಳಿಗೆ ಇಟ್ಟಿದ್ದಾರೆ.

ಇದನ್ನು ಮಾಡಿಸಿದ್ದು ಯಾವುದು? ಬಹುತೇಕ ವಿಜ್ಞಾನಿಗಳ ಬೆರಳು ತೋರುವುದು ಅಟ್ಲಾಂಟಿಕ್ ಸಾಗರದೊಳಗೆ ಸುತ್ತುವ ಒಂದು ದೊಡ್ಡ ನೀರಿನ ಚಕ್ರದ ಕಡೆಗೆ. ಅದರ ಉದ್ದ ಹೆಸರನ್ನು ಮೊಟಕು ಮಾಡಿ ‘ಏಮಾಕ್’ ಅಂತ ಕರೆಯುತ್ತಾರೆ. ಬಿಸಿ ಪ್ರದೇಶದ ಉಪ್ಪುಪ್ಪಾದ ನೀರು ಸಾಗರದ ಮೇಲ್ಭಾಗದಲ್ಲಿ ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆ ಸುತ್ತಮುತ್ತ ಚಳಿಗಾಳಿಗೆ ತನ್ನ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ತಣ್ಣೀರು ಭಾರ, ಉಪ್ಪು ನೀರೂ ಭಾರ, ಎರಡೂ ಸೇರಿದ ಮೇಲೆ ಕೇಳಬೇಕೇ. ಎರಡು ಮೂರು ಕಿಲೋಮೀಟರ್ ಆಳಕ್ಕೆ ಮುಳುಗಿ, ತಳದ ಕಡೆಯಿಂದ ದಕ್ಷಿಣಕ್ಕೆ ವಾಪಸ್ ಹೊರಡುತ್ತದೆ. ಪ್ರಮಾಣ ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಘನ ಮೀಟರ್. ಜಗತ್ತಿನ ಎಲ್ಲಾ ನದಿಗಳನ್ನು ಕೂಡಿಸಿದರೂ ಇದರ ಹತ್ತನೇ ಒಂದು ಪಾಲಿಗೂ ಬರುವುದಿಲ್ಲ. ನಾರ್ವೆಯ ಉತ್ತರ ತುದಿಯ ಬಂದರುಗಳು ಚಳಿಗಾಲದಲ್ಲೂ ಹೆಪ್ಪುಗಟ್ಟದೆ ಇರುವುದರಲ್ಲಿ ಈ ನೀರು ಹೊತ್ತು ತರುವ ಶಾಖದ ಪಾಲು ದೊಡ್ಡದು (ಗಾಳಿಯ ಪಾಲೂ ಇದೆ, ಎಲ್ಲವನ್ನೂ ಇದರ ಲೆಕ್ಕಕ್ಕೇ ಬರೆಯುವುದು ತಪ್ಪು).

ಇಲ್ಲಿ ಗಮನ ಇಡಬೇಕಾದದ್ದು ಉಪ್ಪಿನ ಮೇಲೆ. ನೀರು ಮುಳುಗುವುದಕ್ಕೆ ಉಪ್ಪು ಬೇಕು. ಆ ಉಪ್ಪನ್ನು ಉತ್ತರಕ್ಕೆ ತಂದು ಹಾಕುವುದು ಯಾರು? ಇದೇ ಚಕ್ರ. ಅಂದರೆ ತಾನು ಓಡುವುದಕ್ಕೆ ಬೇಕಾದ ಸರಕನ್ನು ತಾನೇ ಹೊತ್ತು ತರುತ್ತಿದೆ. ಉತ್ತರದಲ್ಲಿ ಸಿಹಿನೀರು ಬಂದು ಬೆರೆತರೆ ಮೇಲಿನ ನೀರು ಹಗುರವಾಗುತ್ತದೆ, ಮುಳುಗುವುದು ಕಡಿಮೆಯಾಗುತ್ತದೆ, ಹರಿವು ನಿಧಾನವಾಗುತ್ತದೆ, ಹರಿವು ನಿಧಾನವಾದ್ದರಿಂದ ಬರುವ ಉಪ್ಪು ಇನ್ನೂ ಕಡಿಮೆ, ಅದರಿಂದ ಮುಳುಗುವುದು ಇನ್ನೂ ಕಡಿಮೆ. 1961ರಲ್ಲಿ ಹೆನ್ರಿ ಸ್ಟೊಮ್ಮೆಲ್ ಅನ್ನುವ ಅಮೆರಿಕದ ಸಾಗರ ವಿಜ್ಞಾನಿ ಇಡೀ ಸಾಗರವನ್ನು ಕಾಗದದ ಮೇಲೆ ಬರೀ ಎರಡು ಡಬ್ಬಿ ನೀರಾಗಿ ಬರೆದು ಲೆಕ್ಕ ಹಾಕಿದರು, ಒಂದು ಬಿಸಿ ಪ್ರದೇಶದ್ದು, ಇನ್ನೊಂದು ತಣ್ಣನೆಯ ಪ್ರದೇಶದ್ದು. ಆ ಪುಟ್ಟ ಲೆಕ್ಕದಲ್ಲೇ ಒಂದು ವಿಚಿತ್ರ ಉತ್ತರ ಬಂತು: ಹೊರಗಿನ ಪರಿಸ್ಥಿತಿ ಒಂದೇ ಆಗಿದ್ದರೂ ಹರಿವಿಗೆ ಎರಡು ಸ್ಥಿತಿ ಸಾಧ್ಯ, ಒಂದರಲ್ಲಿ ಜೋರಾಗಿ ಓಡುತ್ತದೆ, ಇನ್ನೊಂದರಲ್ಲಿ ನೀರು ಉತ್ತರದಲ್ಲಿ ಮುಳುಗುವುದೇ ನಿಂತಿರುತ್ತದೆ. ಈಗ ಯಾವುದರಲ್ಲಿದೆ ಅನ್ನುವುದು ಈಗಿನ ಬಿಸಿ, ಮಳೆಯನ್ನಷ್ಟೇ ನೋಡಿದರೆ ಗೊತ್ತಾಗುವುದಿಲ್ಲ, ಹಿಂದೆ ಎಲ್ಲಿತ್ತು ಅನ್ನುವುದನ್ನೂ ನೋಡಬೇಕು.

ಗ್ರೀನ್‌ಲ್ಯಾಂಡ್‌ನ ಆ ಹತ್ತು ಡಿಗ್ರಿ ಏರಿಕೆಗೆ ಮುಂಚೆ ಏನಾಗಿತ್ತು ಅಂತ ಈಗ ನೋಡಿ. ಹಿಮಯುಗ ಮುಗಿದು ಭೂಮಿ ಬಿಸಿಯಾಗುತ್ತಿತ್ತು. ಉತ್ತರ ಅಮೆರಿಕವನ್ನು ಮುಚ್ಚಿದ್ದ ಮಂಜಿನ ಹೊದಿಕೆ ಕರಗಿ ಅದರ ಅಂಚಿನಲ್ಲಿ ಅಗಾಸಿಜ್ ಅನ್ನುವ ಭಾರಿ ಸರೋವರ ನಿಂತಿತ್ತು. ಸುಮಾರು 12,900 ವರ್ಷದ ಹಿಂದೆ ಕರಗಿದ ಸಿಹಿನೀರು ಸಾಗರಕ್ಕೆ ನುಗ್ಗಿ ಚಕ್ರವನ್ನು ಕುಗ್ಗಿಸಿತು ಅನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. ನೀರು ಯಾವ ದಾರಿಯಲ್ಲಿ ಹೋಯಿತು ಅನ್ನುವ ಜಗಳ ಇನ್ನೂ ನಿಂತಿಲ್ಲ. ಬಿಸಿಯಾಗುತ್ತಿದ್ದ ಉತ್ತರ ಯುರೋಪು ಮತ್ತೆ 1,200 ವರ್ಷ ಚಳಿಗೆ ಬಿತ್ತು. ಕಾಡು ಬೆಳೆಯತೊಡಗಿದ್ದ ಕಡೆ ಮರಗಳು ಹೋಗಿ, ಧ್ರುವದ ಹತ್ತಿರ ಬೆಳೆಯುವ ಡ್ರೈಯಾಸ್ ಅನ್ನುವ ನೆಲಕ್ಕಂಟಿದ ಬಿಳಿ ಹೂವಿನ ಗಿಡ ಬಂತು. ಅದರ ಎಲೆಗಳು ಡೆನ್ಮಾರ್ಕ್, ಸ್ವೀಡನ್ನಿನ ಹಳೆಯ ಕೆರೆಗಳ ಜೇಡಿಯಲ್ಲಿ ಇವತ್ತಿಗೂ ಸಿಗುತ್ತವೆ. ಆ ಕಾಲಕ್ಕೆ ‘ಯಂಗರ್ ಡ್ರೈಯಾಸ್’ ಅಂತಲೇ ಹೆಸರು. ಬಿಸಿಯಾಗುವುದರಿಂದಲೇ ಚಳಿ ಬಂದದ್ದು, ಇದು ಮೊದಲ ಸಲ ಓದಿದವರಿಗೆ ನಂಬಲು ಕಷ್ಟ ಅಲ್ವಾ?

ಅಟ್ಲಾಂಟಿಕ್‌ನಲ್ಲಿ ಏನೋ ಆದರೆ ನಮಗೇನು ಅಂತ ಕೇಳಬಹುದು. ಅದಕ್ಕೆ ಉತ್ತರ ಇರುವುದು ಅರಬ್ಬಿ ಸಮುದ್ರದ ಕೆಸರಿನಲ್ಲಿ.

ಕರಾಚಿಯ ಆಚೆ ಸಮುದ್ರದ ತಳದಿಂದ ತೆಗೆದ ಕೆಸರಿನ ಕಂಬದಲ್ಲಿ ಕಪ್ಪು ಪಟ್ಟೆ, ತಿಳಿ ಬಣ್ಣದ ಪಟ್ಟೆ ಒಂದಾದ ಮೇಲೆ ಒಂದು ಬರುತ್ತವೆ. ನೈಋತ್ಯ ಮುಂಗಾರಿನ ಗಾಳಿ ಜೋರಾಗಿದ್ದರೆ ಅದು ಆಳದ ಸಾರವತ್ತಾದ ನೀರನ್ನು ಮೇಲಕ್ಕೆಬ್ಬಿಸುತ್ತದೆ. ಸಮುದ್ರದ ಸೂಕ್ಷ್ಮ ಜೀವಿಗಳು ಯಥೇಚ್ಛ ಬೆಳೆದು, ಸತ್ತು ಕೆಳಗೆ ಬೀಳುತ್ತವೆ. ಅವು ಕೊಳೆಯುವಾಗ ಅಲ್ಲಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಆಮ್ಲಜನಕ ಇಲ್ಲದ ಕಡೆ ಹುಳ ಬದುಕುವುದಿಲ್ಲ, ಹುಳ ಇಲ್ಲದ ಮೇಲೆ ಕೆಸರನ್ನು ಕೆದಕುವವರೂ ಇಲ್ಲ, ಹಾಗಾಗಿ ಕಪ್ಪನೆಯ ತೆಳು ಪದರಗಳು ಹಾಗೇ ಉಳಿಯುತ್ತವೆ. ಮುಂಗಾರು ಸೋತ ಕಾಲದಲ್ಲಿ ಇದೆಲ್ಲ ತಲೆಕೆಳಗು: ಜೀವಿಗಳು ಕಡಿಮೆ, ಆಮ್ಲಜನಕ ಉಂಟು, ಹುಳಗಳು ಕೆಸರನ್ನು ಕಲಸಿ ತಿಳಿ ಬಣ್ಣ ಮಾಡಿಬಿಡುತ್ತವೆ. ಜರ್ಮನಿಯ ವಿಜ್ಞಾನಿಗಳು 1998ರಲ್ಲಿ ಹಿಂದಿನ 1,10,000 ವರ್ಷಗಳ ಈ ಪಟ್ಟೆಗಳನ್ನು ಗ್ರೀನ್‌ಲ್ಯಾಂಡ್ ಮಂಜಿನ ಪಕ್ಕ ಇಟ್ಟು ನೋಡಿದರು. ಗ್ರೀನ್‌ಲ್ಯಾಂಡ್ ಬಿಸಿಯಾದಾಗ ಇಲ್ಲಿ ಕಪ್ಪು ಪಟ್ಟೆ. ಅಲ್ಲಿ ಚಳಿಗೆ ಜಾರಿದಾಗ ಇಲ್ಲಿ ತಿಳಿ ಪಟ್ಟೆ. ಅಂದರೆ ಅಟ್ಲಾಂಟಿಕ್ ಚಕ್ರ ಕುಗ್ಗಿದ ಕಾಲದಲ್ಲೆಲ್ಲ ನಮ್ಮ ಮುಂಗಾರೂ ಕುಗ್ಗಿದೆ. ಮೇಘಾಲಯದ ಗುಹೆಗಳಲ್ಲಿ ಹನಿ ಹನಿಯಾಗಿ ಬೆಳೆದ ಸುಣ್ಣದ ಕಂಬಗಳೂ ಇದನ್ನೇ ಹೇಳುತ್ತವೆ.

ಕಾರಣ ಸರಳ. ಚಕ್ರ ನಿಂತರೆ ಶಾಖ ಉತ್ತರಕ್ಕೆ ಹೋಗದೆ ದಕ್ಷಿಣ ಗೋಳಾರ್ಧದಲ್ಲೇ ಉಳಿಯುತ್ತದೆ. ಭೂಮಧ್ಯರೇಖೆಯ ಸುತ್ತಲಿನ ಮಳೆಯ ಪಟ್ಟಿ ಯಾವಾಗಲೂ ಬಿಸಿ ಜಾಸ್ತಿ ಇರುವ ಗೋಳಾರ್ಧದ ಕಡೆ ಸರಿಯುತ್ತದೆ. ಉತ್ತರ ತಣ್ಣಗಾದರೆ ಅದು ದಕ್ಷಿಣಕ್ಕೆ ಜಾರುತ್ತದೆ. ಕೊಡಗಿನಲ್ಲಿ ಜೂನ್, ಜುಲೈ ಮಳೆ ಸರಿಯಾಗಿ ಆಗದಿದ್ದರೆ ಕೆಆರ್‌ಎಸ್ ಮಟ್ಟ ನೋಡಿಕೊಂಡು ಇಡೀ ರಾಜ್ಯ ಹೇಗೆ ಕೂರುತ್ತದೆ ಅಂತ ನಮಗೆ ಗೊತ್ತು. ಅಂಥ ಒಂದು ವರ್ಷವಲ್ಲ, ತಲೆಮಾರುಗಳ ಕಾಲ ಮಳೆಯ ಪಟ್ಟಿಯೇ ಜಾಗ ಬಿಟ್ಟರೆ ಅನ್ನುವುದು ಇಲ್ಲಿರುವ ಪ್ರಶ್ನೆ. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಭೂಮಿ ಬಿಸಿಯಾಗುವುದರಿಂದ ಗಾಳಿಯಲ್ಲಿ ನೀರಾವಿ ಜಾಸ್ತಿಯಾಗಿ ಮುಂಗಾರು ಮಳೆ ಹೆಚ್ಚುತ್ತದೆ ಅನ್ನುವುದು ಈಗಿನ ಹೆಚ್ಚಿನ ಮಾಡೆಲ್‌ಗಳ, ಅಂದರೆ ಹವಾಮಾನವನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಮ್‌ಗಳ, ಲೆಕ್ಕ. ಏಮಾಕ್ ಕುಸಿದರೆ ಅದು ಎಳೆಯುವುದು ಇದಕ್ಕೆ ವಿರುದ್ಧ ದಿಕ್ಕಿಗೆ. ಹಿಮಯುಗದಲ್ಲಿ ಆದದ್ದು ಈಗ ಹಾಗೇ ಮರುಕಳಿಸುತ್ತದೆ ಅಂತ ಹೇಳಲಾಗುವುದಿಲ್ಲ.

ಹಾಗಾದರೆ ಈಗ ಆ ಚಕ್ರ ಹೇಗಿದೆ? 2004ರಿಂದ ಬಹಾಮಾಸ್‌ನಿಂದ ಆಫ್ರಿಕಾದ ಕಡೆಯವರೆಗೆ, 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ತಳಕ್ಕೆ ಕಟ್ಟಿದ ಕೇಬಲ್‌ಗಳಿಗೆ ಉಪಕರಣ ಜೋಡಿಸಿ ಅಳೆಯುತ್ತಿದ್ದಾರೆ. ಅದಕ್ಕೆ ರ‍್ಯಾಪಿಡ್ ಯೋಜನೆ ಅಂತ ಹೆಸರು. 2009-10ರಲ್ಲಿ ಹರಿವು ಸುಮಾರು ಶೇ 30ರಷ್ಟು ಕುಸಿದು ಎಲ್ಲರನ್ನೂ ಬೆಚ್ಚಿಬೀಳಿಸಿತು, ಆಮೇಲೆ ಚೇತರಿಸಿಕೊಂಡಿತು. ಇಪ್ಪತ್ತು ಚಿಲ್ಲರೆ ವರ್ಷದ ಅಳತೆಯಲ್ಲಿ ಸಹಜ ಏರಿಳಿತ ಯಾವುದು, ನಿಜವಾದ ಇಳಿಕೆ ಯಾವುದು ಅಂತ ಬಿಡಿಸುವುದು ಕಷ್ಟ. ಆದರೆ ಬೇರೆ ಸುಳಿವುಗಳಿವೆ. ಜಗತ್ತಿನ ಸಮುದ್ರವೆಲ್ಲ ಬಿಸಿಯಾಗುತ್ತಿರುವಾಗ ಗ್ರೀನ್‌ಲ್ಯಾಂಡ್‌ನ ದಕ್ಷಿಣಕ್ಕೆ ಒಂದು ಜಾಗ ಮಾತ್ರ ತಣ್ಣಗಾಗಿದೆ, ಚಕ್ರ ಹೊತ್ತು ತರುವ ಶಾಖ ಕಡಿಮೆಯಾದರೆ ಆಗಬೇಕಾದದ್ದೂ ಇದೇ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ ಹತ್ತಿರ ಮಂಜು ಕಳೆದುಕೊಳ್ಳುತ್ತಿದೆ, ಅದು ಸಿಹಿನೀರಾಗಿ ಸೇರುತ್ತಿರುವುದು ನೀರು ಮುಳುಗುವ ಆ ಜಾಗದ ಪಕ್ಕದಲ್ಲೇ.

ಮುಂದೇನು ಅನ್ನುವಲ್ಲಿ ವಿಜ್ಞಾನಿಗಳು ಒಂದೇ ಮಾತು ಹೇಳುತ್ತಿಲ್ಲ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ 2021ರಲ್ಲಿ ಹೇಳಿದ್ದು ಇಷ್ಟು: ಈ ಶತಮಾನದಲ್ಲಿ ಏಮಾಕ್ ದುರ್ಬಲವಾಗುವುದು ಬಹುಮಟ್ಟಿಗೆ ಖಚಿತ, ಆದರೆ 2100ರೊಳಗೆ ದಿಢೀರ್ ಕುಸಿಯುವುದಿಲ್ಲ ಅಂತ ಮಧ್ಯಮ ಮಟ್ಟದ ಭರವಸೆ ಇದೆ. 2023ರಲ್ಲಿ ಡೆನ್ಮಾರ್ಕಿನ ಪೀಟರ್ ಮತ್ತು ಸುಸಾನೆ ಡಿಟ್ಲೆವ್ಸನ್ ಅಂಕಿಅಂಶಗಳ ಲೆಕ್ಕ ಹಾಕಿ ಈ ಶತಮಾನದ ನಡುವೆಯೇ, 2025ರಿಂದ 2095ರೊಳಗೆ, ಹಂತ ದಾಟಬಹುದು ಅಂದರು. ಸಮುದ್ರದ ಮೇಲ್ಮೈ ಬಿಸಿಯೊಂದನ್ನೇ ನಂಬಿ ಇಷ್ಟು ದೊಡ್ಡ ಮಾತು ಹೇಳುವುದು ಸರಿಯಲ್ಲ ಅಂತ ಹಲವರು ಆಕ್ಷೇಪಿಸಿದರು, ಆ ಆಕ್ಷೇಪದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. 2024ರಲ್ಲಿ ನೆದರ್ಲೆಂಡ್ಸ್‌ನ ತಂಡ ದೊಡ್ಡ ಹವಾಮಾನ ಮಾಡೆಲ್ ಒಂದರಲ್ಲಿ ಸಿಹಿನೀರನ್ನು ಮೆಲ್ಲಗೆ ಸೇರಿಸುತ್ತಾ ಹೋಗಿ ಚಕ್ರ ಕುಸಿಯುವುದನ್ನು ತೋರಿಸಿತು. ಆ ಮಾಡೆಲ್‌ನಲ್ಲಿ ಯುರೋಪಿನ ಕೆಲವು ನಗರಗಳು 5ರಿಂದ 15 ಡಿಗ್ರಿ ತಣ್ಣಗಾದವು, ಅಮೆಜಾನ್‌ನಲ್ಲಿ ಮಳೆಗಾಲ ಬೇಸಿಗೆ ಅದಲುಬದಲಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ 44 ವಿಜ್ಞಾನಿಗಳು ನಾರ್ಡಿಕ್ ದೇಶಗಳ ಸಚಿವರ ಮಂಡಳಿಗೆ ಬಹಿರಂಗ ಪತ್ರ ಬರೆದು ಈ ಅಪಾಯವನ್ನು ಇಷ್ಟು ದಿನ ಕಡಿಮೆ ಅಂದಾಜು ಮಾಡಲಾಗಿದೆ ಅಂದರು.

ಹಂತ ಹತ್ತಿರ ಬಂದಿದೆ ಅಂತ ಮೊದಲೇ ತಿಳಿಯಲು ಒಂದು ಉಪಾಯ ಇದೆ. ಗಟ್ಟಿಯಾಗಿರುವ ವ್ಯವಸ್ಥೆಗೆ ಚಿಕ್ಕ ಪೆಟ್ಟು ಬಿದ್ದರೆ ಬೇಗ ಸುಧಾರಿಸಿಕೊಳ್ಳುತ್ತದೆ. ಹಂತದ ಹತ್ತಿರ ಬಂದಂತೆ ಅದೇ ಪೆಟ್ಟಿನಿಂದ ಸುಧಾರಿಸಿಕೊಳ್ಳಲು ಜಾಸ್ತಿ ಸಮಯ ಬೇಕಾಗುತ್ತದೆ. 2022ರಲ್ಲಿ ಅಮೆಜಾನ್ ಕಾಡಿನ ಉಪಗ್ರಹ ಚಿತ್ರಗಳನ್ನು ಹೀಗೆ ನೋಡಿದಾಗ, 2000ದ ದಶಕದ ಆರಂಭದಿಂದ ಮುಕ್ಕಾಲು ಪಾಲಿಗೂ ಹೆಚ್ಚು ಕಾಡು ಸುಧಾರಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತಿರುವುದು ಕಂಡಿತು. ಅಲ್ಲೂ ತನ್ನನ್ನು ತಾನೇ ಬೆಳೆಸಿಕೊಳ್ಳುವ ಚಕ್ರ ಇದೆ: ಮರಗಳು ಬಿಡುವ ನೀರಾವಿಯೇ ಮುಂದಿನ ಕಾಡಿಗೆ ಮಳೆ, ಮರ ಹೋದರೆ ಮಳೆ ಹೋಗುತ್ತದೆ, ಮಳೆ ಹೋದರೆ ಉಳಿದ ಮರವೂ ಹೋಗುತ್ತದೆ.

ಟಿಪ್ಪಿಂಗ್ ಪಾಯಿಂಟ್ ಅಂದರೆ ಎಲ್ಲವೂ ರಾತ್ರೋರಾತ್ರಿ ಅಂತ ಅಲ್ಲ. ಗ್ರೀನ್‌ಲ್ಯಾಂಡ್‌ನ ಮಂಜೆಲ್ಲ ಕರಗಿದರೆ ಸಮುದ್ರ ಸುಮಾರು 7 ಮೀಟರ್ ಏರುತ್ತದೆ, ಆದರೆ ಅದಕ್ಕೆ ಸಾವಿರಾರು ವರ್ಷ ಬೇಕು. ಮಂಜಿನ ದಿಬ್ಬ ಕರಗಿ ತಗ್ಗಾದಂತೆ ಅದರ ನೆತ್ತಿ ಬಿಸಿ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ, ಆಗ ಇನ್ನೂ ಬೇಗ ಕರಗುತ್ತದೆ. ಹಂತ ದಾಟುವುದು ನಮ್ಮ ಕಾಲದಲ್ಲಿ, ಸಮುದ್ರ ಏರುವುದನ್ನು ನೋಡುವವರು ಇನ್ನೂ ಹುಟ್ಟದವರು. ಹವಳ ಇದಕ್ಕೆ ತದ್ವಿರುದ್ಧ. ನೀರು ಕೆಲವು ವಾರ ಬಿಸಿಯಾದರೆ ಸಾಕು, ತನ್ನೊಳಗೆ ಇದ್ದು ಊಟ ಕೊಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬಿಸಿ ಮುಂದುವರಿದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗಾಗಿದೆ. ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಪೆಟ್ಟು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿದವರು ನೋಡಿರುವುದೂ ಇದೇ ಬಿಸಿ ಸಮುದ್ರದ ಹವಳ. 2025ರ ಅಕ್ಟೋಬರ್‌ನಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಬಂದ ವರದಿ, ಹವಳ ದಿಬ್ಬಗಳು ತಮ್ಮ ಹಂತವನ್ನು ದಾಟುತ್ತಿವೆ ಅಂತ ಹೇಳಿತು. ಅವುಗಳ ಹಂತ, ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಭೂಮಿಯ ಸರಾಸರಿ ಬಿಸಿ ಸುಮಾರು 1.2 ಡಿಗ್ರಿ ಏರಿದಾಗ ಅಂತ ಅಂದಾಜು. 2024ನೇ ಇಸವಿ ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಬಿಸಿ ಇತ್ತು.

ಏರಿಕೆಯನ್ನು ಇಷ್ಟಕ್ಕೆ ತಡೆಯಲು ಪ್ರಯತ್ನಿಸಬೇಕು ಅಂತ ದೇಶಗಳು ಪ್ಯಾರಿಸ್ ಒಪ್ಪಂದದಲ್ಲಿ ಇಟ್ಟುಕೊಂಡ 1.5 ಡಿಗ್ರಿ ಅನ್ನುವ ಸಂಖ್ಯೆಯ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ದಾಟಿದ ಕೂಡಲೇ ಎಲ್ಲ ಮುಗಿಯುವ ಗೆರೆ ಅಲ್ಲ. ಒಂದೊಂದು ವ್ಯವಸ್ಥೆಗೆ ಒಂದೊಂದು ಹಂತ. 2022ರ ಒಂದು ಅಧ್ಯಯನ ಅಂಥ 16 ವ್ಯವಸ್ಥೆಗಳನ್ನು ಪಟ್ಟಿ ಮಾಡಿ, ಕೆಲವಕ್ಕೆ 1.5ರ ಹತ್ತಿರ, ಕೆಲವಕ್ಕೆ 3, 4 ಡಿಗ್ರಿಯ ಹತ್ತಿರ ಅಂತ ಅಂದಾಜಿಸಿತು. ಮಂಜಿನ ಹೊದಿಕೆಯಂಥ ನಿಧಾನದ ವ್ಯವಸ್ಥೆಗಳಲ್ಲಿ ಹಂತವನ್ನು ಸ್ವಲ್ಪ ಕಾಲ ದಾಟಿ ಬೇಗ ವಾಪಸ್ ಬಂದರೆ ಉಳಿಯುವ ಅವಕಾಶವೂ ಇದೆ. ಆದ್ದರಿಂದ ಎಲ್ಲಾ ಕೈಮೀರಿತು ಅಂತ ಕೈಚೆಲ್ಲಿ ಕೂರುವವರ ಮೇಲೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏನೂ ಆಗಲ್ಲ ಬಿಡಿ ಅನ್ನುವವರಷ್ಟೇ.

2025ರಲ್ಲಿ ಬಂದ ಇನ್ನೊಂದು ಅಧ್ಯಯನ ಹಲವು ಮಾಡೆಲ್‌ಗಳನ್ನು 2100ರಿಂದ ಆಚೆಗೂ ಓಡಿಸಿ ನೋಡಿತು. ಹೊಗೆ ವಿಪರೀತವಾಗಿ ಬಿಟ್ಟ ಲೆಕ್ಕಗಳಲ್ಲಿ ಶೇ 70ರಲ್ಲಿ ಏಮಾಕ್ ಕೊನೆಗೆ ನಿಂತಿತು. ಮಧ್ಯಮ ದಾರಿಯಲ್ಲಿ ಶೇ 37. ಪ್ಯಾರಿಸ್ ಒಪ್ಪಂದದ ಗುರಿಗೆ ಹತ್ತಿರದ ದಾರಿಯಲ್ಲೂ ಶೇ 25. ಓಡಿಸಿದ ಮಾಡೆಲ್‌ಗಳ ಸಂಖ್ಯೆ ಕಡಿಮೆ, ಹಾಗಾಗಿ ಇವನ್ನು ಪಕ್ಕಾ ಸಂಭವನೀಯತೆ ಅಂತ ಓದಬಾರದು. ಆದರೆ ಹೊಗೆ ಕಡಿಮೆಯಾದಷ್ಟೂ ಅಪಾಯ ಕಡಿಮೆ ಅನ್ನುವುದು ಇಲ್ಲೂ ಕಾಣುತ್ತದೆ, ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ ಅನ್ನುವುದೂ ಕಾಣುತ್ತದೆ.

ಇನ್ನು ಮುಂದೆ ಟಿವಿಯಲ್ಲೋ ಮೊಬೈಲಲ್ಲೋ ‘ಅಟ್ಲಾಂಟಿಕ್ ಪ್ರವಾಹ ನಿಲ್ಲಲಿದೆ’ ಅನ್ನುವ ಸುದ್ದಿ ಬಂದರೆ ಮೊದಲು ನೋಡಬೇಕಾದದ್ದು, ಅವರು ಹೇಳುತ್ತಿರುವುದು ದುರ್ಬಲವಾಗುವುದರ ಬಗ್ಗೆಯೋ ಕುಸಿಯುವುದರ ಬಗ್ಗೆಯೋ ಅಂತ. ಎರಡಕ್ಕೂ ಬಹಳ ಅಂತರ ಇದೆ, ಸುದ್ದಿಯಲ್ಲಿ ಅವು ದಿನಾ ಬೆರೆತುಹೋಗುತ್ತವೆ. ಆಮೇಲೆ ಅದು ಸಾಗರದಲ್ಲಿ ಅಳೆದದ್ದೋ, ಬೇರೆ ಸುಳಿವಿನಿಂದ ಊಹಿಸಿದ್ದೋ, ಮಾಡೆಲ್‌ನಲ್ಲಿ ಕಂಡದ್ದೋ ನೋಡಿ. ಮಾಡೆಲ್ ಆದರೆ ಅದರೊಳಗೆ ಎಷ್ಟು ಹೊಗೆ, ಎಷ್ಟು ಸಿಹಿನೀರು ಸುರಿದಿದ್ದಾರೆ ಅಂತ ಹುಡುಕಿ. ನೆದರ್ಲೆಂಡ್ಸ್ ತಂಡದ ಆ ಪ್ರಯೋಗದಲ್ಲಿ ಸುರಿದ ಸಿಹಿನೀರು ಗ್ರೀನ್‌ಲ್ಯಾಂಡ್‌ನಿಂದ ಈಗ ನಿಜವಾಗಿ ಬರುತ್ತಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅದನ್ನು ಆ ತಂಡವೇ ಮುಚ್ಚಿಡದೆ ಬರೆದಿದೆ.